ಕರಾರಿನ ಕಥೆ: ಕಾನ್ಹೇರಿಯ ಕಲ್ಲಿನಿಂದ ಕಂಪ್ಯೂಟರಿನ ಸಂಕೇತದವರೆಗೆ

ಠಾಣೆಯ ಯೇವೂರು ಗುಡ್ಡದ ಆಚೆಯ ಮಗ್ಗುಲಲ್ಲಿ, ಬೊರಿವಲಿಯ ಕಡೆಯಿಂದ ಹತ್ತಿ ಹೋಗಬೇಕಾದ ಕಾನ್ಹೇರಿ ಗುಹೆಗಳನ್ನು ನಮ್ಮವರಲ್ಲಿ ಅನೇಕರು ಮಕ್ಕಳ ಪಿಕ್ನಿಕ್ಕಿನ ನೆವದಲ್ಲಿ ಒಮ್ಮೆಯಾದರೂ ನೋಡಿರುತ್ತಾರೆ. ಅಲ್ಲಿಯ ಬಂಡೆಯ ಮೇಲೆ ನಮ್ಮ ನೃಪತುಂಗನ, ಅಂದರೆ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಕೆತ್ತಿದೆ ಎಂಬುದನ್ನು ಗಮನಿಸಿದವರು ಮಾತ್ರ ಕಡಿಮೆ. ಶಾಸನದ ಭಾಷೆ ಸಂಸ್ಕೃತ. ಕಾಲ ಶಕ 775, ಅಂದರೆ ಕ್ರಿ.ಶ. 853ರ ಸುಮಾರು. ಆಗ ಕೊಂಕಣವನ್ನು ಅಮೋಘವರ್ಷನ ಸಾಮಂತನಾಗಿ ಆಳುತ್ತಿದ್ದವನು ಶಿಲಾಹಾರ ಕುಲದ ಕಪರ್ದಿ. ದೂರದ ಗೌಡ ದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು ನೂರು ದ್ರಮ್ಮಗಳನ್ನು ಇಲ್ಲಿ ಅಕ್ಷಯನೀವಿಯಾಗಿ ಇಟ್ಟನೆಂದು ಆ ಶಾಸನ ಹೇಳುತ್ತದೆ.

ಅಕ್ಷಯನೀವಿ ಎಂದರೆ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಖರ್ಚು ಮಾಡತಕ್ಕ ಠೇವಣಿ. ಇದಕ್ಕಿಂತ ಏಳು ಶತಮಾನ ಹಿಂದಿನ ನಾಸಿಕದ ಗುಹಾಶಾಸನದಲ್ಲಿ ಇದರ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಕ್ಷತ್ರಪ ನಹಪಾನನ ಅಳಿಯ ಉಷವದಾತನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಒಟ್ಟು 3,000 ಕಾರ್ಷಾಪಣಗಳನ್ನು ಇಟ್ಟನು. ಒಂದು ಶ್ರೇಣಿಗೆ 2,000, ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಇನ್ನೊಂದಕ್ಕೆ 1,000, ಬಡ್ಡಿ ನೂರಕ್ಕೆ ಮುಕ್ಕಾಲು. ಮೊದಲಿನ ಮೊತ್ತದ ಬಡ್ಡಿಯಿಂದ ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ವಸ್ತ್ರದ ಹಣ ಸಲ್ಲಬೇಕು. ಲೆಕ್ಕ ಹಾಕಿ ನೋಡಿ: ವರ್ಷದ ಬಡ್ಡಿ 240, ಇಪ್ಪತ್ತು ಹನ್ನೆರಡಲೆ 240. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಆಫೀಸಿನ ಬಜೆಟ್ ವಿಭಾಗದವರೂ ಇಷ್ಟು ಚೊಕ್ಕವಾಗಿ ಬಾಬತ್ತು ಹೊಂದಿಸಲಾರರು. ಅದಲ್ಲದೆ ಈ ಕರಾರನ್ನು ನಿಗಮಸಭೆಯಲ್ಲಿ ಎಲ್ಲರೂ ಕೇಳುವಂತೆ ಓದಿ ಹೇಳಲಾಯಿತು, ದಾಖಲೆಯ ಹಲಗೆಯ ಮೇಲೆ ಬರೆಯಲಾಯಿತು ಎಂದು ಶಾಸನವೇ ತಿಳಿಸುತ್ತದೆ. ಕರಾರು ಇಬ್ಬರ ನಡುವಿನದಾದರೂ ಅದರ ದಾಖಲೆ ಊರಿನದು ಎಂಬುದು ಆಗಿನ ತಿಳುವಳಿಕೆ.

ಈ ಹಳೆಯ ಸಂಗತಿಗಳನ್ನು ತೆಗೆದುದಕ್ಕೆ ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಬ್ಲಾಕ್‌ಚೈನ್, ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಮಾತುಗಳು ನಮ್ಮ ಡೊಂಬಿವಲಿ, ಕಲ್ಯಾಣ, ವಾಶಿಯ ಮನೆಗಳ ಊಟದ ಹೊತ್ತಿಗೂ ಬಂದಿವೆ. ಐರೋಲಿಯಲ್ಲೋ ಮಹಾಪೆಯಲ್ಲೋ ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಮಗನೋ ಅಳಿಯನೋ ಇವನ್ನು ತರುತ್ತಾನೆ. “ಇದರಲ್ಲಿ ವಕೀಲ ಬೇಡ, ಸಾಕ್ಷಿ ಬೇಡ, ಕೋರ್ಟು ಬೇಡ, ಷರತ್ತು ಪೂರೈಸಿದೊಡನೆ ಹಣ ತಾನಾಗಿ ಹೋಗುತ್ತದೆ” ಎನ್ನುತ್ತಾನೆ. ಹಿರಿಯರಿಗೆ ಅದು ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲ ಎನ್ನಲು ಸಂಕೋಚ. ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದ ಮನೆಯಲ್ಲಿ ಆ ಸಂಕೋಚ ದುಬಾರಿಯಾಗಬಹುದು. 2018ರಲ್ಲಿ ನಮ್ಮ ಠಾಣೆಯಲ್ಲೇ ‘ಮನಿ ಟ್ರೇಡ್ ಕಾಯಿನ್’ ಎಂಬ ಗಣಕನಾಣ್ಯದ ಬಗ್ಗೆ ಹೂಡಿಕೆದಾರರ ದೂರಿನ ಮೇಲೆ ಪೋಲೀಸರು ಪ್ರಕರಣ ದಾಖಲಿಸಿದ್ದು ಕೆಲವರಿಗಾದರೂ ನೆನಪಿರಬಹುದು. ಆದುದರಿಂದ ಇಂಥ ಕರಾರಿಗೆ ಕಾನೂನಿನ ಬೆಲೆ ಎಷ್ಟು, ಯಾವ ದೇಶದಲ್ಲಿ ಏನು ಹೇಳಿದ್ದಾರೆ ಎಂಬುದನ್ನು ವಿಜ್ಞಾನ ಓದಿ ಕಡತ ನೋಡುವ ಕೆಲಸಕ್ಕೆ ಬಂದ ನನ್ನಂಥವನ ಅಳತೆಯಲ್ಲಿ ಹೇಳುವ ಪ್ರಯತ್ನ ಇದು.

ತಾನಾಗಿ ನಡೆಯುವ ಷರತ್ತು ಹೊಸದೇನಲ್ಲ. ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ಜೋಖಮಿ ಹುಂಡಿ ಎಂಬುದೊಂದಿತ್ತು. ದರ್ಶನಿ ಹುಂಡಿಯನ್ನು ತೋರಿಸಿದೊಡನೆ ಹಣ. ಮುದ್ದತಿ ಹುಂಡಿಗೆ ಗಡುವು ತುಂಬಿದ ಮೇಲೆ ಹಣ. ಜೋಖಮಿ ಹುಂಡಿಗೆ ಸರಕು ಹೇರಿದ ಹಡಗು ಸುರಕ್ಷಿತವಾಗಿ ಬಂದರು ಮುಟ್ಟಿದರೆ ಮಾತ್ರ ಹಣ. ಹಡಗು ಮುಳುಗಿದರೆ ಹುಂಡಿಯೂ ಮುಳುಗಿತು. ಸಾಲವೂ ವಿಮೆಯೂ ಒಂದೇ ಚೀಟಿಯಲ್ಲಿ! 2017ರಲ್ಲಿ ಫ್ರಾನ್ಸಿನ ಆಕ್ಸಾ ವಿಮಾ ಕಂಪನಿ ವಿಮಾನ ತಡವಾದರೆ ತಾನಾಗಿ ಪರಿಹಾರ ಕೊಡುವ ‘ಫಿಜಿ’ ಎಂಬ ಬ್ಲಾಕ್‌ಚೈನ್ ವಿಮೆಯನ್ನು ಹೊರಡಿಸಿದಾಗ ಅದನ್ನು ಅಪೂರ್ವವೆಂದು ಹೊಗಳಿದರು. ಎರಡು ವರ್ಷದಲ್ಲಿ ಅದನ್ನು ನಿಲ್ಲಿಸಿದರು. ಜೋಖಮಿ ಹುಂಡಿ ಅದಕ್ಕಿಂತ ಬಹುಕಾಲ ಬಾಳಿತ್ತು.

ಹಡಗು ಬಂತೋ ಇಲ್ಲವೋ ಎಂಬ ವರ್ತಮಾನ ಹೊರಗಿನಿಂದ ಬರಬೇಕು. ಈ ವರ್ತಮಾನದ ಮೇಲೆಯೇ ಜೂಜೂ ಹುಟ್ಟುತ್ತದೆ. ಕಲ್ಕತ್ತೆಯ ಸರಕಾರಿ ಹರಾಜಿನಲ್ಲಿ ಪಾಟ್ನಾ ಅಫೀಮು ಸರಾಸರಿ ಎಷ್ಟಕ್ಕೆ ಹೋಗುತ್ತದೆ ಎಂಬುದರ ಮೇಲೆ ಮುಂಬಯಿಯ ವರ್ತಕರು ಪಂಥ ಕಟ್ಟುತ್ತಿದ್ದರು. ಅಂಥ ಒಂದು ಪಂಥದ ದಾವೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಪಂಥವು ಆಗ ಇಲ್ಲಿ ಜಾರಿಯಲ್ಲಿದ್ದ ಕಾನೂನಿಗೆ ವಿರುದ್ಧವಲ್ಲ ಎಂದು 1848ರಲ್ಲಿ ಅಲ್ಲಿ ತೀರ್ಮಾನವಾಯಿತು. ಅದೇ ವರ್ಷ ಇಲ್ಲಿಯ ಸರಕಾರ 21ನೆಯ ಕಾಯಿದೆಯಿಂದ ಪಂಥದ ಕರಾರುಗಳನ್ನು ನಿರರ್ಥಕಗೊಳಿಸಿತು. 1865ರಲ್ಲಿ ಮುಂಬಯಿ ಪ್ರಾಂತಕ್ಕೆ ಇನ್ನೂ ಬಿಗಿಯಾದ ಕಾಯಿದೆ ಬಂತು. 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮಿನಲ್ಲಿ ಈ ಮಾತು ಇಂದಿಗೂ ಇದೆ. ಸಂಕೇತದಲ್ಲಿ ಬರೆದ ಮಾತ್ರಕ್ಕೆ ಪಂಥ ಕರಾರಾಗುವುದಿಲ್ಲ. ಗೆದ್ದವನು ಕೋರ್ಟಿಗೆ ಹೋಗಿ ಹಣ ಕೇಳುವಂತಿಲ್ಲ.

1872ರ ಈ ಕಾಯಿದೆ ಒಂದು ವಿಚಿತ್ರ ಗಟ್ಟಿ ಪುಸ್ತಕ. ಒಬ್ಬನ ಪ್ರಸ್ತಾವ, ಇನ್ನೊಬ್ಬನ ಒಪ್ಪಿಗೆ, ಪ್ರತಿಫಲ, ಕಾನೂನುಸಮ್ಮತ ಉದ್ದೇಶ, ಸ್ವತಂತ್ರ ಮನಸ್ಸು, ಕರಾರು ಮಾಡುವ ಅರ್ಹತೆ ಇಷ್ಟಿದ್ದರೆ ಕರಾರು ಸಾಧು. ಅದು ಕಾಗದದ ಮೇಲೆ ಇರಲೇಬೇಕೆಂದು ಈ ಕಾಯಿದೆ ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ. ಬಾಯಿಮಾತೂ ಕರಾರೇ. ಬಾಯಿಮಾತು ಸಾಕಾದರೆ ಕಂಪ್ಯೂಟರಿನ ಸಂಕೇತ ಏಕೆ ಸಾಲದು ಎಂದು ಕೇಳುವವರ ಬಲ ಇರುವುದು ಇಲ್ಲಿಯೇ. ಆದರೆ ಅರ್ಹತೆಯ ಮಾತು ಮರೆಯಬಾರದು. ಅಪ್ರಾಪ್ತ ವಯಸ್ಕನ ಕರಾರು ಮೂಲದಲ್ಲೇ ಶೂನ್ಯವೆಂದು 1903ರಲ್ಲಿ ಕಲ್ಕತ್ತೆಯ ಮೊಹೊರಿ ಬೀಬಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಹದಿನಾರರ ಹುಡುಗ ರಾತ್ರಿ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಸಂಕೇತಕ್ಕೆ ಅವನ ವಯಸ್ಸು ಗೊತ್ತಾಗುವುದಿಲ್ಲ. ಹಣ ಹೋಗುತ್ತದೆ. ಕಾನೂನಿನ ಕಣ್ಣಲ್ಲಿ ಕರಾರು ಆಗಿರುವುದೇ ಇಲ್ಲ!

ಹೊಸ ಯಂತ್ರ ಬಂದಾಗಲೆಲ್ಲ ಈ ಹಳೆಯ ಕಾಯಿದೆ ಪರೀಕ್ಷೆಗೆ ಕುಳಿತಿದೆ. ಅವುಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ನಮ್ಮ ಮಹಾರಾಷ್ಟ್ರದ ಖಾಮಗಾಂವ್ ಮೊಕದ್ದಮೆ. ನಾಗಪುರದ ಗಾಡಿಯಲ್ಲಿ ಹೋಗುವಾಗ ಜಲಂಬ್ ಸ್ಟೇಶನ್ನಿನಿಂದ ಒಳಗೆ ಸಿಗುವ ಹತ್ತಿಯ ಊರು ಅದು. 1959ರ ಜುಲೈ 22ರಂದು ಅಹಮದಾಬಾದಿನ ವ್ಯಾಪಾರಿ ಸಂಸ್ಥೆಯೊಂದು ಟ್ರಂಕ್ ಟೆಲಿಫೋನಿನಲ್ಲಿ ಖಾಮಗಾಂವಿನ ಕೇಡಿಯಾ ಜಿನ್ನಿಂಗ್ ಕಾರ್ಖಾನೆಯಿಂದ ಹತ್ತಿಬೀಜದ ಹಿಂಡಿ ಕೊಳ್ಳುವ ಮಾತು ಆಡಿತು. ಆ ಕಡೆಯಿಂದ ಒಪ್ಪಿಗೆ ಬಂತು. ಹಿಂಡಿ ಬರಲಿಲ್ಲ. 31,150 ರೂಪಾಯಿಗೆ ಅಹಮದಾಬಾದಿನಲ್ಲಿ ದಾವೆ ಹೂಡಿದರು. ಕರಾರು ಆದದ್ದು ಖಾಮಗಾಂವಿನಲ್ಲಿ, ಅಹಮದಾಬಾದಿನ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ಪ್ರತಿವಾದಿಯ ತಕರಾರು.

ಕೇಳಲು ಕ್ಷುಲ್ಲಕವೆನಿಸಬಹುದು. ಆದರೆ ಪ್ರಶ್ನೆ ಆಳವಾದದ್ದು. ಅಂಚೆಯ ಕಾಗದದಲ್ಲಿ ಒಪ್ಪಿಗೆ ಕಳಿಸಿದರೆ ಅದನ್ನು ಪೆಟ್ಟಿಗೆಗೆ ಹಾಕಿದಾಗಲೇ ಕರಾರು ಪೂರ್ಣ ಎಂದು 1818ರಿಂದ ಇಂಗ್ಲೆಂಡಿನಲ್ಲಿ ರೂಢಿ. ನಮ್ಮ ಕಾಯಿದೆಯ 4ನೆಯ ಕಲಮು ಅದೇ ಜಾಡಿನದು. ಟೆಲಿಫೋನಿನಲ್ಲಿ? 1965ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಶಹಾ ಮತ್ತು ವಾಂಛೂ, ಒಪ್ಪಿಗೆ ಕಿವಿಗೆ ಬಿದ್ದ ಸ್ಥಳದಲ್ಲಿ ಕರಾರು ಆಯಿತು, ಆದುದರಿಂದ ಅಹಮದಾಬಾದು ಸರಿ ಎಂದರು. ಮೂರನೆಯವರಾದ ಹಿದಾಯತುಲ್ಲಾ ಅವರು ಒಪ್ಪಲಿಲ್ಲ. ಕಾಯಿದೆ ಬರೆದವರ ಮುಂದೆ ಟೆಲಿಫೋನು ಇರಲಿಲ್ಲ ನಿಜ. ಆದರೂ ಕಾಯಿದೆಯ ಶಬ್ದಗಳನ್ನು ಇದ್ದಂತೆ ಓದಿದರೆ ಒಪ್ಪಿಗೆಯ ಮಾತು ಬಾಯಿಬಿಟ್ಟು ಹೊರಟ ಸ್ಥಳವಾದ ಖಾಮಗಾಂವಿನಲ್ಲೇ ಕರಾರು ಪೂರ್ಣ ಎಂಬುದು ಅವರ ಮತ. ನನಗಂತೂ ಹಿದಾಯತುಲ್ಲಾ ಅವರ ಭಿನ್ನಮತವೇ ಕಾಯಿದೆಗೆ ಹೆಚ್ಚು ನಿಷ್ಠವಾದದ್ದೆಂದು ತೋರುತ್ತದೆ. ವ್ಯವಹಾರಕ್ಕೆ ಅನುಕೂಲವಾದದ್ದು ಬಹುಮತ. ಇರಲಿ. ಒಂದು ತಂತಿಯ ಎರಡು ತುದಿಗಳಲ್ಲಿ ಇಷ್ಟು ಜಗಳವಾದರೆ, ಒಂದೇ ದಾಖಲೆ ಒಂದೇ ಹೊತ್ತಿಗೆ ನೂರು ದೇಶಗಳ ಸಾವಿರಾರು ಗಣಕಗಳಲ್ಲಿ ಇರುವಾಗ ಕರಾರು ಎಲ್ಲಿ ಆಯಿತೆಂದು ಹೇಳುವುದು?

ಇಮೈಲಿನ ಸರದಿ 2010ರಲ್ಲಿ ಬಂತು. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಬಾಕ್ಸೈಟ್ ವ್ಯವಹಾರದಲ್ಲಿ ವಿಧಿವತ್ತಾದ ಕರಾರುಪತ್ರಕ್ಕೆ ಸಹಿ ಆಗದಿದ್ದರೂ, ಇಮೈಲುಗಳಲ್ಲೇ ಒಪ್ಪಿಗೆ ಪೂರ್ಣವಾಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 10ಎ ಕಲಮು ಸೇರಿ, 2009ರಲ್ಲಿ ಜಾರಿಗೆ ಬಂದಿತ್ತು. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂಬುದು ಅದರ ಸಾರ.

ಇನ್ನು ಬ್ಲಾಕ್‌ಚೈನ್ ಎಂದರೇನು? ಆಫೀಸಿನ ಹಳೆಯ ಲೆಡ್ಜರು ನೋಡಿದವರಿಗೆ ಕಷ್ಟವಿಲ್ಲ. ಪುಟದ ಕೊನೆಯಲ್ಲಿ ಮೊತ್ತ ಬರೆದು ‘ಮುಂದಕ್ಕೆ ಒಯ್ದದ್ದು’ ಎನ್ನುತ್ತೇವೆ. ಮುಂದಿನ ಪುಟದ ತಲೆಯಲ್ಲಿ ‘ಹಿಂದಿನಿಂದ ತಂದದ್ದು’ ಎಂದು ಅದೇ ಮೊತ್ತ ಬರುತ್ತದೆ. ಹಿಂದಿನ ಪುಟದ ಒಂದು ಅಂಕಿ ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಇಲ್ಲಿ ಮೊತ್ತದ ಬದಲು ಪುಟದ ಎಲ್ಲ ಬರಹದಿಂದಲೂ ಗಣಿತದ ಮೂಲಕ ತೆಗೆದ ಒಂದು ಉದ್ದ ಅಂಕಿ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಲೆಡ್ಜರಿನ ಪ್ರತಿ ಒಬ್ಬ ಕಾರಕೂನನ ಬೀರುವಿನಲ್ಲಿ ಇರದೆ ಸಾವಿರಾರು ಕಡೆ ಇರುತ್ತದೆ. ಉಷವದಾತನ ಹಲಗೆ ಊರ ತುಂಬ ಇದ್ದಂತೆ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಲೇಖನದಿಂದ ಇದು ಪ್ರಚಾರಕ್ಕೆ ಬಂತು.

ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಹೆಸರು ಅದಕ್ಕಿಂತ ಹಳೆಯದು. ಅಮೆರಿಕದ ನಿಕ್ ಸಾಬೊ 1994ರಲ್ಲೇ ಆ ಮಾತನ್ನು ಬಳಸಿದನು. ಅವನು ಕೊಟ್ಟ ಉದಾಹರಣೆ ನಾಣ್ಯ ಹಾಕಿದರೆ ತಿಂಡಿ ಬೀಳುವ ಯಂತ್ರ. ಇನ್ನೊಂದು ಉದಾಹರಣೆ ಕೇಳಿ: ಸಾಲದ ಮೇಲೆ ಕಾರು ಕೊಂಡವನು ಕಂತು ತಪ್ಪಿಸಿದರೆ ಕಾರಿನ ಬೀಗವೇ ಅವನಿಗೆ ತೆರೆಯದೆ ಬ್ಯಾಂಕಿಗೆ ತೆರೆಯುತ್ತದೆ! ವಿಟಾಲಿಕ್ ಬುಟೆರಿನ್ ಮತ್ತು ಸಂಗಡಿಗರು 2015ರ ಜುಲೈ 30ರಂದು ಇಥೀರಿಯಂ ಆರಂಭಿಸಿದಾಗ ಇಂಥ ಸಂಕೇತಗಳನ್ನು ಬ್ಲಾಕ್‌ಚೈನಿನ ಮೇಲೆ ಯಾರೂ ಬರೆಯುವಂತಾಯಿತು.

ಬರೆದ ಒಂದೇ ವರ್ಷದಲ್ಲಿ ಪೆಟ್ಟು ಬಿತ್ತು. ‘ದಿ ಡಾವೋ’ ಎಂಬ ಸಾಮೂಹಿಕ ಹೂಡಿಕೆಯ ಸಂಕೇತಕ್ಕೆ 2016ರಲ್ಲಿ ಜನ ಸುಮಾರು 15 ಕೋಟಿ ಡಾಲರು ಬೆಲೆಯ ಈಥರ್ ಸುರಿದರು. ಮನುಷ್ಯ ಭಾಷೆಯ ವಿವರಣೆಗೂ ಸಂಕೇತಕ್ಕೂ ವ್ಯತ್ಯಾಸ ಬಂದರೆ ಸಂಕೇತವೇ ಪ್ರಮಾಣ ಎಂದು ಅದರ ಷರತ್ತು. ಜೂನ್ 17ರಂದು ಯಾರೋ ಒಬ್ಬನು ಆ ಸಂಕೇತದಲ್ಲಿದ್ದ ಸಂದಿಯಿಂದ 36 ಲಕ್ಷ ಈಥರ್ ಎಳೆದುಕೊಂಡನು. ಸಂಕೇತವೇ ಪ್ರಮಾಣವಾದರೆ ಅವನು ಮಾಡಿದ್ದು ಕಳ್ಳತನ ಹೇಗೆ? ಕೊನೆಗೆ ಜುಲೈ 20ರಂದು ಬಹುಸಂಖ್ಯಾತರು ಸೇರಿ ಲೆಡ್ಜರಿನ ಕವಲು ಒಡೆದು ಹಣವನ್ನು ಹಿಂದಕ್ಕೆ ತಿರುಗಿಸಿದರು. ಒಪ್ಪದವರು ಹಳೆಯ ಕವಲಿನಲ್ಲೇ ಉಳಿದರು. ಅದಕ್ಕೆ ಇಥೀರಿಯಂ ಕ್ಲಾಸಿಕ್ ಎಂದು ಹೆಸರು. ತಿದ್ದಲಾಗದ್ದೆಂದು ಹೇಳಿದ ಪುಸ್ತಕವನ್ನು ತಿದ್ದಿದವರು ಕೊನೆಗೂ ಮನುಷ್ಯರೇ.

ಕೋರ್ಟುಗಳಲ್ಲಿ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ವಿಚಾರಿಸಿದ್ದು ಸಿಂಗಾಪುರ. ಅದಕ್ಕೊಂದು ಪೂರ್ವಕಥೆ ಇದೆ. 2003ರಲ್ಲಿ ಅಲ್ಲಿಯ ಒಂದು ಅಂತರ್ಜಾಲ ಅಂಗಡಿಯಲ್ಲಿ 3,854 ಡಾಲರು ಬೆಲೆಯ ಲೇಸರ್ ಪ್ರಿಂಟರಿಗೆ ತಪ್ಪಾಗಿ 66 ಡಾಲರು ಎಂದು ಬಿತ್ತು. ಆರು ಜನ ಗೆಳೆಯರು ನಡುರಾತ್ರಿಯಲ್ಲಿ 1,606 ಪ್ರಿಂಟರುಗಳಿಗೆ ಆರ್ಡರು ಹಾಕಿದರು. ಯಂತ್ರ ತಾನಾಗಿ ಒಪ್ಪಿಗೆ ಕಳಿಸಿತು. ಬೆಲೆ ತಪ್ಪೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದು ದೋಚಲು ಹೋದವರಿಗೆ ಕರಾರಿನ ರಕ್ಷಣೆ ಇಲ್ಲ ಎಂದು ಕೋರ್ಟು ಅವರನ್ನು ಬರಿಗೈಯಲ್ಲಿ ಕಳಿಸಿತು.

2017ರ ಏಪ್ರಿಲ್ 19ರಂದು ಕ್ವಾಯಿನ್ ಎಂಬ ಗಣಕನಾಣ್ಯದ ಪೇಟೆಯಲ್ಲಿ ಆದದ್ದು ಇದೇ, ಆದರೆ ಎರಡೂ ಕಡೆ ಯಂತ್ರ. ಪೇಟೆಯ ಗಣಕದಲ್ಲಿ ಏನೋ ವ್ಯತ್ಯಾಸವಾಗಿ ದರಪಟ್ಟಿ ಖಾಲಿಯಾಯಿತು. ಬಿ2ಸಿ2 ಎಂಬ ವ್ಯಾಪಾರಿಯ ಗಣಕವು ಮೊದಲೇ ಬರೆದಿಟ್ಟ ಆಪತ್ಕಾಲದ ದರದಂತೆ 309 ಚಿಲ್ಲರೆ ಈಥರನ್ನು 3,092 ಚಿಲ್ಲರೆ ಬಿಟ್‌ಕಾಯಿನಿಗೆ ಮಾರಿತು. ಅದು ಪೇಟೆಯ ದರದ ಸುಮಾರು 250 ಪಟ್ಟು! ಮರುದಿನ ಕ್ವಾಯಿನ್ ಆ ವ್ಯವಹಾರವನ್ನು ತಾನೇ ರದ್ದು ಮಾಡಿತು. ತಪ್ಪು ದರವೆಂದು ತಿಳಿದಿದ್ದರೆ ಕರಾರು ನಿಲ್ಲದು ಸರಿ; ಆದರೆ ಇಲ್ಲಿ ತಿಳಿಯಬೇಕಾದವರು ಯಾರು? ಗಣಕಕ್ಕೆ ಮನಸ್ಸಿಲ್ಲ. ಆದುದರಿಂದ ಸಂಕೇತ ಬರೆದವನ ಮನಸ್ಸನ್ನು, ಬರೆದ ಹೊತ್ತಿನಿಂದ ನೋಡಬೇಕು ಎಂದು 2020ರ ಫೆಬ್ರವರಿಯಲ್ಲಿ ಅಲ್ಲಿಯ ಮೇಲಿನ ಕೋರ್ಟು ನಾಲ್ಕಕ್ಕೆ ಒಂದರ ಬಹುಮತದಿಂದ ಹೇಳಿ, ರದ್ದು ಮಾಡಿದ್ದು ತಪ್ಪೆಂದಿತು. ಭಿನ್ನಮತ ಬರೆದವರು ಇಂಗ್ಲೆಂಡಿನಿಂದ ಬಂದು ಕುಳಿತಿದ್ದ ಜೊನಾಥನ್ ಮ್ಯಾನ್ಸ್. ಪ್ರಾಮಾಣಿಕ ವ್ಯಾಪಾರಿ ಆ ದರ ಕಂಡೊಡನೆ ಏನು ತಿಳಿಯುತ್ತಿದ್ದನೋ ಅದನ್ನೇ ಅಳತೆಯಾಗಿ ಹಿಡಿಯಬೇಕೆಂದು ಅವರು. ಪ್ರಿಂಟರಿನ ಗೆಳೆಯರು ಸೋತು ಗಣಕದ ಒಡೆಯ ಗೆದ್ದದ್ದು ಏಕೆಂದು ಯೋಚಿಸಿದರೆ, ವ್ಯತ್ಯಾಸವೆಲ್ಲ ತಿಳುವಳಿಕೆ ಯಾವ ಕ್ಷಣದ್ದೆಂಬುದರಲ್ಲಿದೆ. ಕೆಟ್ಟದ್ದನ್ನು ಬಯಸದೆ ಬರೆದಿಟ್ಟ ಸಂಕೇತ ನಾಳೆ ಅನ್ಯಾಯವಾಗಿ ನಡೆದರೆ ಬರೆದವನಿಗೆ ಲಾಭ. ಇದು ನನಗೆ ಸಮಾಧಾನದ ತೀರ್ಪೆನಿಸುವುದಿಲ್ಲ.

ಉಳಿದ ದೇಶಗಳದ್ದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಅರಿಜೋನಾ ರಾಜ್ಯ 2017ರಲ್ಲಿ, ಟೆನೆಸಿ 2018ರಲ್ಲಿ, ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಕಾರಣಕ್ಕೆ ಕರಾರಿನ ಸಿಂಧುತ್ವ ಅಲ್ಲಗಳೆಯಬಾರದೆಂದು ಕಾಯಿದೆ ಮಾಡಿದವು. ಇಟಲಿ 2019ರಲ್ಲಿ ಹಾಗೆಯೇ ವ್ಯಾಖ್ಯೆ ಕೊಟ್ಟಿತು. ಇಂಗ್ಲೆಂಡಿನವರು ತಮ್ಮ ಸ್ವಭಾವದಂತೆ ಹೊಸ ಕಾಯಿದೆ ಬೇಡ, ಹಳೆಯ ಕರಾರಿನ ತತ್ತ್ವಗಳೇ ಸಾಕು ಎಂದು 2021ರಲ್ಲಿ ಅವರ ಕಾನೂನು ಆಯೋಗದ ಮೂಲಕ ಹೇಳಿಸಿದರು. ಯಾವ ದೇಶದ ಕಾನೂನು, ಯಾವ ಕೋರ್ಟು ಎಂಬುದನ್ನು ಮೊದಲೇ ಬರೆದುಕೊಳ್ಳಿ ಎಂಬ ಬುದ್ಧಿವಾದವನ್ನೂ ಸೇರಿಸಿದರು. ಚೀನದ ಹಾಂಗ್‌ಝೌ ಅಂತರ್ಜಾಲ ನ್ಯಾಯಾಲಯ 2018ರಲ್ಲಿ ಬ್ಲಾಕ್‌ಚೈನ್ ದಾಖಲೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಿತು. ನಮ್ಮವರ ಬಂಧುಗಳು ಬಹಳವಿರುವ ದುಬೈಯ ಹಣಕಾಸು ಕೇಂದ್ರ 2024ರಲ್ಲಿ ಡಿಜಿಟಲ್ ಆಸ್ತಿಗೆ ಪ್ರತ್ಯೇಕ ಕಾನೂನು ಮಾಡಿತು. ಯುರೋಪಿನ ಒಕ್ಕೂಟ ತನ್ನ 2023ರ ದತ್ತಾಂಶ ಕಾಯಿದೆಯಲ್ಲಿ ಒಂದು ಹೊಸ ಮಾತು ತಂದಿತು: ದತ್ತಾಂಶ ಹಂಚಿಕೆಗೆ ಬಳಸುವ ಇಂಥ ಸಂಕೇತಕ್ಕೆ ಅಗತ್ಯ ಬಿದ್ದಾಗ ಸುರಕ್ಷಿತವಾಗಿ ನಿಲ್ಲಿಸುವ ಉಪಾಯ ಇರಲೇಬೇಕು. ಲೋಕಲ್ ಗಾಡಿಯ ಸರಪಳಿಯಂತೆ ಅನ್ನಿ.

ಆ ಸರಪಳಿಯ ಬೆಲೆ ನಮಗೆ ಇಲ್ಲಿಯೇ ತಿಳಿದಿತ್ತು. ನಿಮ್ಮ ಮೊಬೈಲಿಗೆ ಬ್ಯಾಂಕಿನಿಂದ ಬರುವ ಪ್ರತಿಯೊಂದು ಸಂದೇಶವೂ ಇಂಥದೊಂದು ಲೆಡ್ಜರಿನ ಮೂಲಕ ಹಾದು ಬರುತ್ತದೆ ಎಂದರೆ ನಂಬುವಿರಾ? ಟೆಲಿಫೋನ್ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರ ಜುಲೈಯಲ್ಲಿ ಮಾಡಿದ ನಿಯಮಗಳಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಶಬ್ದಕ್ಕೆ ವ್ಯಾಖ್ಯೆಯೇ ಇದೆ. ಕಾಡುವ ಜಾಹೀರಾತು ಸಂದೇಶ ತಡೆಯುವುದು ಉದ್ದೇಶ. ಕಳಿಸುವವರು ತಮ್ಮ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ತಾಳೆ ಬೀಳದ್ದನ್ನು ಸಂಕೇತವೇ ತಡೆಯುತ್ತದೆ. 2021ರ ಮಾರ್ಚ್ 8ರಂದು ಈ ತಾಳೆ ನೋಡುವುದು ಪೂರ್ಣ ಜಾರಿಯಾಯಿತು. ಅಂದು ದೇಶದಾದ್ಯಂತ ಬ್ಯಾಂಕಿನ ಓ.ಟಿ.ಪಿ.ಗಳು ಬರಲಿಲ್ಲ, ಕೋವಿಡ್ ಲಸಿಕೆಯ ನೋಂದಣಿಗೂ ತೊಡಕಾಯಿತು. ಬಹಳ ಸಂಸ್ಥೆಗಳು ಮಾದರಿ ನೋಂದಾಯಿಸಿರಲಿಲ್ಲ. ಸಂಕೇತ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಮರುದಿನ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿದು ಎಲ್ಲರಿಗೂ ಉಸಿರಾಡಲು ಬಿಟ್ಟಿತು. ನಿಲ್ಲಿಸುವ ಅಧಿಕಾರವುಳ್ಳ ಒಂದು ಸರಕಾರಿ ಕಚೇರಿ ಇದ್ದುದು ಪುಣ್ಯ!

ಇದೇ ಬೆಳಕಿನಲ್ಲಿ ನಮ್ಮ ಮನೆಬಾಡಿಗೆಯನ್ನು ನೋಡೋಣ. ಈ ಕಡೆಯ ಕನ್ನಡಿಗರಲ್ಲಿ ಲೀವ್ ಎಂಡ್ ಲೈಸನ್ಸ್ ಗೊತ್ತಿಲ್ಲದ ಮನೆ ಇಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಮಾಲಿಕರು ಬಾಡಿಗೆ ಎನ್ನದೆ ಲೈಸನ್ಸ್ ಎಂದು ಬರೆಸುತ್ತಿದ್ದರು. ಸರಕಾರ ಕಾಯಿದೆ ತಿದ್ದಿ, 1973ರ ಫೆಬ್ರವರಿ 1ರಂದು ಲೈಸನ್ಸಿನ ಮೇಲೆ ವಾಸವಾಗಿದ್ದವರನ್ನು ಬಾಡಿಗೆದಾರರೆಂದೇ ಭಾವಿಸತಕ್ಕದ್ದೆಂದಿತು. ಪತ್ರದಲ್ಲಿ ಏನೇ ಬರೆದಿರಲಿ, ಕಾನೂನು ಬೇರೆಯೇ ಓದಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಕುಟುಂಬಗಳು ಆ ಒಂದು ತಾರೀಖಿನಿಂದ ನೆಲೆನಿಂತವು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಲೈಸನ್ಸಿನ ಕರಾರು ಬರಹದಲ್ಲಿದ್ದು ನೋಂದಣಿಯಾಗಲೇಬೇಕು. ಮಾಡಿಸುವ ಹೊಣೆ ಮಾಲಿಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಷರತ್ತುಗಳ ಬಗ್ಗೆ ವಿವಾದವೆದ್ದರೆ ಬೇರೆ ರುಜುವಾತು ಇಲ್ಲದಿದ್ದಲ್ಲಿ ಬಾಡಿಗೆದಾರನ ಮಾತೇ ಸರಿ.

ಈಗ ಈ ನೋಂದಣಿ ಮನೆಯಲ್ಲಿ ಕುಳಿತೇ ಆಗುತ್ತದೆ. ಏಜೆಂಟನು ಲ್ಯಾಪ್‌ಟಾಪು ಮತ್ತು ಬೆರಳಚ್ಚಿನ ಪುಟ್ಟ ಯಂತ್ರ ಹಿಡಿದು ಬರುತ್ತಾನೆ, ಆಧಾರಿನೊಂದಿಗೆ ತಾಳೆ ನೋಡುತ್ತಾನೆ. ನಮ್ಮ ಕಟ್ಟಡದ ಎಪ್ಪತ್ತು ದಾಟಿದ ಮಾಯಿಯೊಬ್ಬರ ಬೆರಳು, ಆಯುಷ್ಯವಿಡೀ ಪಾತ್ರೆ ತಿಕ್ಕಿ ಗೆರೆ ಸವೆದದ್ದು, ಯಂತ್ರಕ್ಕೆ ಓದಲಾಗದೆ ಅರ್ಧ ತಾಸು ಹಿಡಿಯಿತು. ಅವರು ನಕ್ಕು “ನನ್ನ ಗುರ್ತ ಸಿಗಲಿಲ್ಲೇನೋ ತಮ್ಮಾ ಅದಕ್ಕೆ?” ಎಂದರು. ಕೊನೆಗೆ ಇನ್ನೊಂದು ಬೆರಳು ಒಪ್ಪಿತು. ಇದು ಗಣಕದ ಕರಾರು ಹೌದು, ಸ್ಮಾರ್ಟ್ ಕಾಂಟ್ರಾಕ್ಟ್ ಅಲ್ಲ. ಸಾಬೊನ ಕಾರಿನ ಬೀಗದಂತೆ ಬಾಡಿಗೆ ತಪ್ಪಿದ ತಿಂಗಳು ಫ್ಲ್ಯಾಟಿನ ಬೀಗವೇ ತೆರೆಯದಂತೆ ಸಂಕೇತ ಬರೆಯಬಹುದು, ಕಾನೂನು ಒಪ್ಪುವುದಿಲ್ಲ. ಲೈಸನ್ಸ್ ಮುಗಿದರೂ ನೆಲೆನಿಂತವನನ್ನು ಕಾನೂನಿನ ದಾರಿಯಿಂದಲ್ಲದೆ ಹೊರಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮಾಲಿಕನಿಗೂ ದಾರಿಯಿದೆ: 24ನೆಯ ಕಲಮಿನಂತೆ ಅಧಿಕಾರಿಯ ಮುಂದೆ ಹೋಗಬೇಕು, ಅವಧಿ ಮೀರಿ ಕುಳಿತವನಿಂದ ಇಮ್ಮಡಿ ದರದಲ್ಲಿ ನಷ್ಟಪರಿಹಾರ ಪಡೆಯಬಹುದು.

ಹೆಂಗಸರ ಭಿಶಿಯನ್ನೂ ಸಂಕೇತಕ್ಕೆ ಹಾಕಬಹುದೆಂದು ಹುಡುಗರು ಹೇಳುತ್ತಾರೆ. ಹಣ ಕೂಡಿಸುವುದು, ಚೀಟಿ ಎತ್ತುವುದು, ಕೊಡುವುದು ಎಲ್ಲ ಯಂತ್ರಕ್ಕೆ ಸುಲಭ. ಆದರೆ ಒಬ್ಬಳ ಗಂಡ ಆಸ್ಪತ್ರೆಯಲ್ಲಿದ್ದಾನೆ, ಈ ಸಲದ ನಂಬರು ಅವಳಿಗೆ ಬಿಟ್ಟುಕೊಡೋಣ ಎಂದು ಉಳಿದವರು ಮಾತಾಡಿಕೊಳ್ಳುವ ಸಾಲು ಆ ಸಂಕೇತದಲ್ಲಿ ಎಲ್ಲಿ ಬರೆಯುವುದು? ದೊಡ್ಡ ಪ್ರಮಾಣದ ಚೀಟಿಗಾದರೆ 1982ರ ಚಿಟ್ ಫಂಡ್ ಕಾಯಿದೆಯ ನೋಂದಣಿಯ ಪ್ರಶ್ನೆ ಬೇರೆ. ಸಂಕೇತದಿಂದ ಅದು ತಪ್ಪುವುದಿಲ್ಲ.

ಹಾಗಾದರೆ ನಮ್ಮ ದೇಶದಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್ ಸಿಂಧುವೋ ಅಸಿಂಧುವೋ? ಅದಕ್ಕಾಗಿಯೇ ಮಾಡಿದ ಕಾಯಿದೆ ಇಲ್ಲ. ಕರಾರಿನ ಅಂಗಗಳೆಲ್ಲ ಇದ್ದರೆ 10ಎ ಕಲಮಿನ ಆಸರೆ ಇದೆ. ಸಹಿಯ ವಿಷಯದಲ್ಲಿ ತೊಡಕು: ಕಾನೂನು ತಾನಾಗಿ ನಂಬುವುದು ಪರವಾನಗಿ ಪಡೆದ ಸಂಸ್ಥೆ ಕೊಟ್ಟ ಡಿಜಿಟಲ್ ಸಹಿಯನ್ನು ಅಥವಾ ಆಧಾರ್ ಇ-ಸಹಿಯನ್ನು, ಬ್ಲಾಕ್‌ಚೈನಿನ ಖಾಸಗಿ ಕೀಲಿಗೆ ಆ ಮಾನ್ಯತೆ ಇಲ್ಲ, ಅದು ಯಾರ ಕೀಲಿ ಎಂಬುದನ್ನು ಬೇರೆಯಾಗಿ ರುಜುವಾತು ಮಾಡಬೇಕು. ಮುದ್ರಾಂಕ ಶುಲ್ಕ ಬೀಳುವ ದಸ್ತಾವೇಜಾದರೆ ಶುಲ್ಕ ಕೊಡದೆ ಕೋರ್ಟು ಅದನ್ನು ಸಾಕ್ಷ್ಯವಾಗಿ ಮುಟ್ಟುವುದಿಲ್ಲ. ಒಂದು ಮಾತ್ರ ಅನುಕೂಲ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ದಾಖಲೆಯ ಹ್ಯಾಶ್ ಬರೆಯುವ ಜಾಗವೇ ಇದೆ. ಬ್ಲಾಕ್‌ಚೈನಿನ ಗಣಿತ ಹೀಗೆ ಕೋರ್ಟಿನ ಫಾರಮಿಗೂ ಬಂದಂತಾಯಿತು. ಇನ್ನು ಹಣವೆಂದು ಬಳಸುವ ಗಣಕನಾಣ್ಯ ನಮ್ಮಲ್ಲಿ ಕಾನೂನುಬದ್ಧ ಚಲಾವಣೆಯ ನಾಣ್ಯವಲ್ಲ. ಬ್ಯಾಂಕುಗಳು ಅದರ ವ್ಯವಹಾರಕ್ಕೆ ನೆರವಾಗಬಾರದೆಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. 2022ರ ಬಜೆಟ್ ಅದರ ಲಾಭಕ್ಕೆ ನೂರಕ್ಕೆ ಮೂವತ್ತು ತೆರಿಗೆ ಹಾಕಿತು. 2024ರ ಜುಲೈ 18ರಂದು ಮುಂಬಯಿಯ ವಜೀರ್‌ಎಕ್ಸ್ ಪೇಟೆಯಿಂದ 23 ಕೋಟಿ ಡಾಲರಿಗೂ ಮಿಕ್ಕ ಬೆಲೆಯ ನಾಣ್ಯ ಕಳುವಾಯಿತು. ಅದಕ್ಕೆ ಸಂಬಂಧಪಟ್ಟ ಒಂದು ಅರ್ಜಿಯಲ್ಲಿ ಮದರಾಸು ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ, ಇಂಥ ನಾಣ್ಯವೂ ಒಡೆತನವುಳ್ಳ ಆಸ್ತಿಯೇ ಎಂದಿತು.

ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ, ವಿದ್ಯುನ್ಮಾನ ರೂಪದಲ್ಲಿ ನಡೆಯದ ಪತ್ರಗಳ ಹೆಸರಿದೆ. ಸ್ಥಿರಾಸ್ತಿ ಮಾರಾಟದ ಕರಾರು ಅದರಲ್ಲಿತ್ತು. 2022ರ ಸೆಪ್ಟೆಂಬರ್ 26ರ ಅಧಿಸೂಚನೆಯಿಂದ ಅದನ್ನು ತೆಗೆದರು. ಬ್ಯಾಂಕಿನಂಥ ನಿಯಂತ್ರಿತ ಸಂಸ್ಥೆಗಳಿಗೆ ಬರೆದುಕೊಡುವ ಪ್ರಾಮಿಸರಿ ನೋಟು, ಮುಖ್ತ್ಯಾರಪತ್ರಗಳಿಗೂ ಸಡಿಲಿಕೆ ಕೊಟ್ಟರು. ಟ್ರಸ್ಟು ಮತ್ತು ಮೃತ್ಯುಪತ್ರ ಮಾತ್ರ ಹಾಗೇ ಉಳಿದಿವೆ. ಮಗನು ಕೊಂಡ ನಾಣ್ಯದ ಕೀಲಿ ಎಂಬ ಆ ಹನ್ನೆರಡು ಇಲ್ಲವೆ ಇಪ್ಪತ್ತನಾಲ್ಕು ಶಬ್ದಗಳ ಸಾಲು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಯಾವ ಕೋರ್ಟಿನ ಆಜ್ಞೆಯಿಂದಲೂ ಆ ಬೀಗ ತೆರೆಯದು. ಅದು ಯಾರಿಗೆ ಸೇರಬೇಕೆಂದು ಬರೆಯುವ ಮೃತ್ಯುಪತ್ರವನ್ನಾದರೋ 1925ರ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮಿನಂತೆ ಇಂದಿಗೂ ಕಾಗದದ ಮೇಲೆ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳ ರುಜು ಪಡೆಯಬೇಕು.